ಮೊಳದುದ್ದದ ಪಾನಾ

ಮಗ್ಗಗಳ ಲಟಪಟ ಸದ್ದಿನ ನಡುವೆ ಬನಹಟ್ಟಿಯ ಮೆಕ್ಯಾನಿಕ್ ಹೊಳೆಪ್ಪ, ಡಾಕ್ಟರ ಮೋಟಾರ್‌ಸೈಕಲ್ಲಿಗೆ ಕೊನೆಯ ಬೋಲ್ಟು ಬಿಗಿಯುತ್ತಿದ್ದ. ಬಿಗಿ ಹೆಚ್ಚಾಗಿ ಅದು ಮುರಿದರೆ, ಬೀಳಗಿಯ ಹೆರಿಗೆಗೆ ಡಾಕ್ಟರು ತಲುಪುವಂತಿರಲಿಲ್ಲ.

ಬೋಲ್ಟು ತಿರುಗಿಸುವ ಪಾನಾ ಒಂದು ಫೂಟು ಉದ್ದವಿದ್ದರೆ ಅದರ ತುದಿಗೆ ಇಪ್ಪತ್ನಾಲ್ಕು ಪೌಂಡು ಭಾರ, ಇದು ಬಿಗಿಗೆ ಕಂಪನಿ ಕೊಟ್ಟ ಅಳತೆ. ಎರಡು ಪೌಂಡಿಗೆ ಒಂದು ಸೇರಿನಂತೆ, ಸಾತವ್ವನ ಜೋಳದಂಗಡಿಯಿಂದ ತಂದ ಹನ್ನೆರಡು ಸೇರಿನ ತೂಕದ ಕಲ್ಲುಗಳನ್ನು ಅವನು ತನ್ನ ಪಾನಾಕ್ಕೆ ಕಟ್ಟತೊಡಗಿದ.

ನೂಲು ಸುತ್ತುತ್ತಿದ್ದ ಹೆಂಡತಿ ಲಗಮವ್ವ ತಲೆಯೆತ್ತಿದಳು. "ಅದು ಮೊಳ ಉದ್ದ ಐತಲ್ರಿ. ಸೀರಿ ನೇಯಾಕತ್ತೀರೇನು?"

ಮೊಳವೆಂದರೆ ಒಂದೂವರೆ ಫೂಟು. ಹೊಳೆಪ್ಪ ನಕ್ಕ. "ಖರೆ. ಉದ್ದ ಹೆಚ್ಚಾದ್ರ ಭಾರ ಕಡಿಮಿ ಸಾಕು." ನಾಲ್ಕು ಸೇರಿನ ಕಲ್ಲು ಬದಿಗಿಟ್ಟು ಉಳಿದದ್ದನ್ನಷ್ಟೇ ಕಟ್ಟಿದ. ಎಂಟು ಸೇರಿಗೆ ಪಾನಾ ನಿಧಾನವಾಗಿ ಇಳಿದು ನಿಂತಿತು. ಬೋಲ್ಟು ಗಟ್ಟಿಯಾಗಿ ಕೂತಿತು. ಡಾಕ್ಟರು ಬೀಳಗಿಯ ದಾರಿ ಹಿಡಿದರು.

ಕಲ್ಲುಗಳನ್ನು ಹೆಗಲಿಗೇರಿಸಿ ಹೊಳೆಪ್ಪ ಹೊರಟ. "ಸಾತವ್ವ ಕೇಳಿದ್ರ ಹೇಳ್ತೇನಿ, ಇವತ್ತ ನಿನ್ನ ಕಲ್ಲು ತೂಗಿದ್ದು ಜ್ವಾಳಾ ಅಲ್ಲ ಬೇ, ಬೀಳಗ್ಯಾಗ ಹುಟ್ಟೋ ಒಂದು ಕೂಸಿನ ಜೀವಾ."