ಕೆಂಪು ದಾರ ಕಟ್ಟಿದ ಕೊಂಬೆ

ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ ತೆಗೆದು ತೆಗೆದು ಸ್ಟುಡಿಯೋದವನಿಗೆ ಮನುಷ್ಯರ ಮುಖವೆಂದರೆ ಸಾಕುಸಾಕಾಗಿತ್ತು. "ಗದ್ದ ಸ್ವಲ್ಪ ಮೇಲೆ, ನಗಬೇಡಿ" ಎಂದು ಹೇಳಿ ಹೇಳಿ ತಾನೇ ನಗುವುದನ್ನು ಬಿಟ್ಟಿದ್ದ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮಾತ್ರ ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿಕೊಂಡು ಪಾರ್ಕಿಗೆ ಹೋಗಿ, ಎಲೆಯಂತೆಯೋ ತೊಗಟೆಯಂತೆಯೋ ಕಾಣುವ ಹುಳುಗಳ ಮುಂದೆ ಮೊಣಕಾಲೂರುತ್ತಿದ್ದ. ಫೋಟೋದಲ್ಲಿ ದಪ್ಪ ಕಾಣ್ತೀನಿ ಎಂದು ಅವು ತಗಾದೆ ತೆಗೆಯುವುದಿಲ್ಲವಲ್ಲ! ಬೀದಿಯವರು ಅವನಿಗೆ ಹುಳದಪ್ಪ ಎಂದು ಹೆಸರಿಟ್ಟಿದ್ದರು.

ಕಡ್ಡಿಯಂತೆ ಕಾಣುವ ಪತಂಗದ ಮರಿ, ಕಡ್ಡಿಹುಳು ಎಂದರೆ ಅವನಿಗೆ ಪ್ರಾಣ. ಕೊಂಬೆ ಕಚ್ಚಿ ಹಿಡಿದು ಮೈ ಸೆಟೆಸಿ ನಿಂತರೆ ಅದು ಒಣಕಡ್ಡಿಯೇ. ಈ ಸಲ ಒಂದರ ಹಿಂದೆ ಬಿದ್ದಿದ್ದ. ಎಳೆ ಮರಿಯಾಗಿದ್ದಾಗಿನಿಂದ ಇಪ್ಪತ್ತೊಂದು ದಿನ, ದಿನಕ್ಕೊಂದು ಚಿತ್ರ. ಕೋಶ ಕಟ್ಟುವುದೊಂದೇ ಬಾಕಿ. ಅವನ ಕಣ್ಣಿನ ನರ ಸೋಲುತ್ತಿದೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇದು ತಪ್ಪಿದರೆ ಇನ್ನೊಂದಿಲ್ಲ. ಹುಳು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯತೊಡಗಿದಾಗ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ಒಯ್ದು ಆ ಕೊಂಬೆಗೆ ಕಟ್ಟಿ ಬಂದ.

"ಪಾಪ, ಅದು ಅಷ್ಟು ಕಷ್ಟಪಟ್ಟು ಬಚ್ಚಿಟ್ಟುಕೊಂಡಿದೆ, ನೀವು ಹೋಗಿ ಬೋರ್ಡು ಹಾಕ್ತೀರಲ್ರೀ!" ಎಂದು ಅವಳು ನಕ್ಕಳು.

ಮಾರನೆಯ ಬೆಳಿಗ್ಗೆ ಹೋದರೆ ಆ ಕೊಂಬೆಯೇ ಇಲ್ಲ.

"ಕತ್ತರಿಸೋ ಕೊಂಬೆಗೆ ಸೂಪರ್‌ವೈಸರ್ ಕೆಂಪು ದಾರ ಕಟ್ಟಿ ಹೋಗ್ತಾರೆ ಸಾರ್. ನಿನ್ನೆ ಸಂಜೆ ಎಲ್ಲಾ ಮುಗಿಸಿಬಿಟ್ಟೆ," ಎಂದ ಪಾರ್ಕಿನ ಮಾಲಿ. "ಯಾಕೆ, ಅದರಲ್ಲೇನಾದ್ರೂ ಇತ್ತಾ?"

"ಏನಿಲ್ಲಪ್ಪ."

ಬೇಲಿಯ ಪಕ್ಕ ಆಳೆತ್ತರದ ರಾಶಿ ಬಿದ್ದಿತ್ತು. ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಕಣ್ಣನ್ನು ನಂಬುವ ಹಾಗಿರಲಿಲ್ಲ. ಮುಟ್ಟಿದ್ದೆಲ್ಲ ಕಡ್ಡಿಯೇ. ಬಿಸಿಲೇರಿ ಸೊಂಟ ಹಿಡಿದುಕೊಳ್ಳುವ ಹೊತ್ತಿಗೆ ದಾರ ಸಿಕ್ಕಿತು, ಹುಳು ಸಿಗಲಿಲ್ಲ.

ಆವತ್ತು ಅಂಗಡಿ ತೆರೆಯಲಿಲ್ಲ. ಮನೆಗೆ ಬಂದು ದಾರವನ್ನು ಹೊಲಿಗೆ ಡಬ್ಬಿಯಲ್ಲಿಟ್ಟ.

"ಕೋಶ ಕಟ್ಟಿತೇನ್ರೀ?" ಎಂದಳು ಹೆಂಡತಿ, ಇನ್ನೊಂದು ತಮಾಷೆಗೆ ಬಾಯಿ ರೆಡಿ ಮಾಡಿಕೊಂಡು. ಗಂಡನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು.

"ಇಪ್ಪತ್ತೊಂದು ದಿನ ಒಂದು ಹಕ್ಕಿಯ ಕಣ್ಣಿಗೂ ಬೀಳದೆ ಬದುಕಿತ್ತು ಕಣೇ," ಎಂದ ಅವನು. "ನಾನೇ ತೋರಿಸಿಕೊಟ್ಟೆ."