ಟೈಲರಮ್ಮನ ಕಾಲು

ನಮ್ಮ ಬೀದಿಯ ಟೈಲರಮ್ಮನಿಗೆ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆ. ಅದಕ್ಕೇ ನನ್ನೊಂದಿಗೆ ಹಾಸನದ ಈಜುಕೊಳಕ್ಕೆ ಬರುತ್ತಿದ್ದರು. ಪಾದಕ್ಕೆ ಮೀನಿನ ಬಾಲದಂಥ ರಬ್ಬರ್ ಫಿನ್ ತೊಟ್ಟರೂ ಹೊಲಿಗೆ ಮೆಷಿನ್ ತುಳಿದಂತೆಯೇ ಒದೆಯುವರು. ನೀರು ಕಲಕುತ್ತಿತ್ತು, ಅವರು ಮಾತ್ರ ಇದ್ದಲ್ಲೇ.

“ಮಂಡಿ ಮಡಚ್ಬೇಡಿ ಕಣಮ್ಮಾ, ತೊಡೆಯಿಂದ ಒದೀರಿ. ಇಂಗೇ ಆದ್ರೆ ಸಮುದ್ರಕ್ಕೆ ಕಳ್ಸಕಿಲ್ಲ,” ಎಂದರು ಕೋಚ್.

“ಬಿಚ್ಚಿ ಹೊಲಿಯಾನ ಬುಡಿ ಸಾ,” ಎಂದರು ಟೈಲರಮ್ಮ, ರವಿಕೆ ಬಿಗಿಯಾಯಿತೆಂದರೆ ನಮಗೆ ಹೇಳುವಂತೆಯೇ.

ಮರುದಿನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿದ್ದರು. ಮಂಡಿಗಳ ಹಿಂದೆ ಮರದ ಸ್ಕೇಲು ಕಟ್ಟಿಕೊಂಡು, ಕಾಲುಗಳನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದರು.

ಆ ವಾರದ ಕೊನೆಯ ದಿನ ಕೊಳದ ಆಚೆ ಗೋಡೆ ಮುಟ್ಟಿದರು. ಕೋಚ್ ಸಮುದ್ರಕ್ಕೆ ಕಳಿಸಲು ಒಪ್ಪಿದರು. ಅದೇ ಸಂಜೆ ಟೈಲರಮ್ಮ ಮೆಷಿನ್ ಮುಂದೆ ಕೂತರೆ ಕಾಲು ತೊಡೆಯಿಂದಲೇ ಎದ್ದಿತು. ನನ್ನ ರವಿಕೆಯ ತೋಳು ಸೊಟ್ಟಗಾಯಿತು.

“ಬಿಚ್ಚಿ ಹೊಲಿಯಾನ ಬುಡಿ,” ಎಂದು ನಕ್ಕರು.