ತೊಡೆಯ ಮೇಲಿನ ಚೀಲ

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಪ್ರೈವೇಟ್ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂಥ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕೂತವರೇ ಕೇಳಿ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ನನ್ನ ಚೀಲಕ್ಕೂ ಒಬ್ಬಾಕೆ ಕೈ ಚಾಚಿದರು. ಕೊರಳ ತುಂಬ ಮಣಿಸರ, ಕಾಲ ಬಳಿ ಕೂದಲೆಣ್ಣೆಯ ಬಾಟಲಿಗಳು. ಹಕ್ಕಿಪಿಕ್ಕಿಯವರು ಎಂದು ಗೊತ್ತಾದದ್ದೇ ನಾನು "ಪರವಾಗಿಲ್ಲ, ಇರಲಿ" ಎಂದುಬಿಟ್ಟೆ. ಅವರ ಪಕ್ಕದಲ್ಲಿದ್ದ ಅಜ್ಜ ಕೇಳಿದ್ದರೆ ಕೊಟ್ಟಿರುತ್ತಿದ್ದೆ.

ಆಕೆಗೆ ಅರ್ಥವಾಯಿತು. ನಕ್ಕರು.

"ಎಣ್ಣೆ ಮಾರೋಕೆ ಹಂಗೇರಿಗೆ ಹೋಗಿದ್ದೆ ಮೇಡಂ. ಅಲ್ಲಿ ರೋಮಾ ಅಂತ ಜನ ಇದಾರೆ. ಅವ್ರಲ್ಲೊಬ್ಳ ಜೊತೆ ಅಂಗಡಿಗೆ ಹೋದೆ, ಅಂಗಡಿಯೋನು ನಮ್ಮಿಬ್ರ ಹಿಂದೆಹಿಂದೇನೇ ಬಂದ. ಇಬ್ರೂ ನಕ್ಕಿದ್ದೇ ನಕ್ಕಿದ್ದು. ನೀರಿಗೆ ಅವ್ರೂ ನಮ್ಮ ಥರಾನೇ ಪಾಣಿ ಅಂತಾರೆ."

ನಾನು ಕಾಲೇಜಿನಲ್ಲಿ ಪಾಠ ಮಾಡುವ ಇಂಗ್ಲಿಷ್ ಕಾದಂಬರಿಗಳಲ್ಲಿ ಜಿಪ್ಸಿಗಳೆಂಬ ಹೆಸರಿನಲ್ಲಿ ಬರುವ ಆ ಜನ ಕಣಿ ಹೇಳುತ್ತಾರೆ, ಇಲ್ಲವೇ ಮಕ್ಕಳನ್ನು ಕದಿಯುತ್ತಾರೆ. ಹೀಗೆ ಹೊಟ್ಟೆ ತುಂಬ ನಕ್ಕದ್ದನ್ನು ಎಲ್ಲೂ ಓದಿರಲಿಲ್ಲ. ನಾಚಿಕೆಯಾಗಿ ಚೀಲ ಕೊಟ್ಟೆ.

"ಏನಿದೆ ಮಾರಾಯ್ತಿ ಇದ್ರಲ್ಲಿ, ಕಲ್ಲಾ?"

"ಪುಸ್ತಕ."

"ಎರಡೂ ಒಂದೇ ಭಾರ ಬಿಡಿ."

ಅಜ್ಜ ದಾರಿಯಲ್ಲಿ ಇಳಿದರು, ನನಗೆ ಸೀಟು ಸಿಕ್ಕಿತು. ಆಕೆ ನನ್ನ ಚೀಲ ವಾಪಸು ಕೊಟ್ಟು, ಅದರ ಮೇಲೆ ತಮ್ಮದನ್ನೂ ಹೇರಿದರು. "ಪಾಸ್‌ಪೋರ್ಟ್ ಇದೆ ಅದ್ರಲ್ಲಿ. ಭದ್ರಾವತಿ ಬಂದ್ರೆ ಎಬ್ಬಿಸಿ" ಎಂದವರೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು.

ಊರು ಬರುವತನಕ ನಾನು ಅಲ್ಲಾಡಲಿಲ್ಲ.